ಹಾಡು ಎಲ್ಲಿಂದಾದರೂ ಬಂದೀತು

ಚಿತ್ರದುರ್ಗಕ್ಕೂ ಖಾಸಗಿ ಎಫ್‌ಎಂ ಬರುತ್ತದಂತೆ ಎಂಬ ಸುದ್ದಿ ಪೇಪರಿನಲ್ಲಿ ಬಂದಾಗ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂರುವ ಹುಡುಗರಿಗೆ ಖುಷಿಯೋ ಖುಷಿ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 234 ಹೊಸ ಊರುಗಳಲ್ಲಿ 730 ಎಫ್‌ಎಂ ವಾಹಿನಿಗಳನ್ನು ಹರಾಜು ಹಾಕಲು ಒಪ್ಪಿಗೆ ಕೊಟ್ಟಿತು. ಪಟ್ಟಿಯಲ್ಲಿ ಚಿತ್ರದುರ್ಗವೂ ಇದೆ, ಅಕ್ಕಪಕ್ಕದ ದಾವಣಗೆರೆ, ತುಮಕೂರು, ಶಿವಮೊಗ್ಗವೂ ಇವೆ. "ಅಣ್ಣಾ, ಇನ್ಮೇಲೆ ನಮ್ಗೂ ಬೆಂಗ್ಳೂರ್ ಥರ ಹಗಲೂ ರಾತ್ರಿ ಹಾಡು" ಅಂದ ಒಬ್ಬ. ಅಷ್ಟು ಹೇಳುವಾಗಲೂ ಅವನ ಒಂದು ಕಿವಿಯಲ್ಲಿ ಇಯರ್‌ಫೋನ್ ಇತ್ತು, ಅದರಲ್ಲಿ ಹಾಡು ಓಡುತ್ತಲೇ ಇತ್ತು. ಹಗಲೂ ರಾತ್ರಿ ಹಾಡು ಅವನ ಜೇಬಿಗೆ ಬಂದು ಎಷ್ಟೋ ವರ್ಷವಾಗಿದೆ. ಎಫ್‌ಎಂ ಬಂದು ಅವನಿಗೆ ಹೊಸದಾಗಿ ಏನು ಕೊಡಬೇಕು? ಅದನ್ನು ಯಾರೂ ಕೇಳುತ್ತಿಲ್ಲ, ಹಾಗಾಗಿ ನಾನು ಕೇಳುತ್ತಿದ್ದೇನೆ.

ನಾನು ಹೊಸದುರ್ಗ ತಾಲ್ಲೂಕಿನ ಬಾಗೂರಿನವನು. ಚೆನ್ನಕೇಶವನ ಗುಡಿ ಇರುವ ಊರು, ತೆಂಗು ಮತ್ತು ರಾಗಿಯ ಸೀಮೆ. ರೇಡಿಯೋ ರಿಪೇರಿ ನನ್ನ ಕಸುಬು. ಅಂಗಡಿಯ ಬೋರ್ಡಿನಲ್ಲಿ ಈಗ ಮೊಬೈಲ್, ಮಿಕ್ಸಿ, ಪಂಪ್‌ಸೆಟ್ ಸ್ಟಾರ್ಟರ್ ಎಂದೆಲ್ಲ ಇದೆ, ರೇಡಿಯೋ ಎಂಬ ಅಕ್ಷರ ಮೂಲೆಯಲ್ಲಿ ಬಣ್ಣ ಹೋಗಿ ಕೂತಿದೆ. ಆದರೂ ಹೇಳುತ್ತೇನೆ: ಜನ ರೇಡಿಯೋದಲ್ಲಿ ಏನು ಕೇಳಲು ಬಯಸುತ್ತಾರೆ ಎನ್ನುವುದು ಸ್ಟುಡಿಯೋದಲ್ಲಿ ಕೂತವರಿಗಿಂತ ಕೆಟ್ಟ ಸೆಟ್ಟು ಬಿಚ್ಚುವವನಿಗೆ ಚೆನ್ನಾಗಿ ಗೊತ್ತಿರುತ್ತದೆ. ಸೆಟ್ಟು ರಿಪೇರಿಗೆ ಬಂದಾಗ ಅದರ ಮುಳ್ಳು ಎಲ್ಲಿ ನಿಂತಿದೆ ಎಂದು ಮೊದಲು ನೋಡುವವನು ನಾನು.

ಮೊದಮೊದಲು ಎಲ್ಲರ ಮುಳ್ಳೂ 675ರಲ್ಲಿ ನಿಂತಿರುತ್ತಿತ್ತು. ಅದು ಭದ್ರಾವತಿ. 1965ರಲ್ಲಿ ಶುರುವಾದ ಆ ನಿಲಯವೇ ನಮ್ಮ ಕಡೆಯವರಿಗೆಲ್ಲ ರೇಡಿಯೋ. ಮನೆಯಲ್ಲಿ ಅಪ್ಪನ ಕಾಲದ ಲೈಸೆನ್ಸ್ ಪುಸ್ತಕವಿದೆ, ಅಂಚೆ ಕಚೇರಿಯ ಮೊಹರು ಬಿದ್ದದ್ದು. ರೇಡಿಯೋ ಇಟ್ಟುಕೊಳ್ಳಲು ಸರ್ಕಾರಕ್ಕೆ ವರ್ಷವರ್ಷ ದುಡ್ಡು ಕಟ್ಟಬೇಕಿತ್ತು ಎಂದರೆ ಕಟ್ಟೆಯ ಹುಡುಗರು ನಗುತ್ತಾರೆ. ಆಗಿನ ಸೆಟ್ಟುಗಳಲ್ಲಿ ಮೀಡಿಯಂ ವೇವ್ ಇರುತ್ತಿತ್ತು, ಶಾರ್ಟ್ ವೇವ್ ಇರುತ್ತಿತ್ತು, ಎಫ್‌ಎಂ ಇರಲಿಲ್ಲ. ಭದ್ರಾವತಿ ಸಿಗದಿದ್ದರೆ ಬೆಂಗಳೂರು, ರಾತ್ರಿಯಾದರೆ ಧಾರವಾಡ, ಇನ್ನೂ ರಾತ್ರಿಯಾದರೆ ಸಿಲೋನ್. ಎಲ್ಲವೂ ದೂರದವೇ. ಭದ್ರಾವತಿಯವರು ತೆಂಗಿನ ಬಗ್ಗೆ ಹೇಳುತ್ತಿದ್ದರು, ಭತ್ತ ಅಡಿಕೆಯ ಬಗ್ಗೆ ಇನ್ನೂ ಹೆಚ್ಚು ಹೇಳುತ್ತಿದ್ದರು. ನಮ್ಮ ಸಾವೆ, ನವಣೆ, ಹುರುಳಿಯ ಬಗ್ಗೆ ಹೇಳಲು ಯಾರೂ ಇರಲಿಲ್ಲ. ಅವರ ತಪ್ಪೇನಲ್ಲ, ಅದು ಮಲೆನಾಡಿನ ಸೆರಗಿನಲ್ಲಿರುವ ನಿಲಯ.

ಆಕಾಶವಾಣಿಯೇ ಮೊದಲಿಗೆ ಒಂದು ಊರಿನ ರೇಡಿಯೋ ಆಗಿತ್ತು ಎನ್ನುವುದು ಎಷ್ಟು ಜನಕ್ಕೆ ಗೊತ್ತೋ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲೇ ನಿಲಯ ತೆರೆದರು. ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂದದ್ದೇ ಮರುವರ್ಷ. ಗೋಪಾಲಸ್ವಾಮಿಯವರ ಮೊದಲ ಟ್ರಾನ್ಸ್‌ಮಿಟರ್ 30 ವ್ಯಾಟಿನದು. ನನ್ನ ಮೇಜಿನ ಮೇಲಿರುವ ಸೋಲ್ಡರಿಂಗ್ ಐರನ್ 25 ವ್ಯಾಟ್! ಅಷ್ಟು ಸಣ್ಣ ಶಕ್ತಿಯಲ್ಲಿ ಮೈಸೂರಿನ ಸಂಗೀತ, ಮೈಸೂರಿನ ಮೇಷ್ಟ್ರುಗಳ ಮಾತು ಮೈಸೂರಿನವರ ಮನೆಗೆ ಹೋಯಿತು. ಅದನ್ನು ಆಮೇಲೆ ಸಂಸ್ಥಾನ ವಹಿಸಿಕೊಂಡಿತು, 1955ರಲ್ಲಿ ನಿಲಯ ಬೆಂಗಳೂರಿಗೆ ಹೋಯಿತು, 1957ರಲ್ಲಿ ಅದರ ಆಕಾಶವಾಣಿ ಎಂಬ ಹೆಸರು ಇಡೀ ದೇಶದ್ದಾಯಿತು. ಊರಿನದಾಗಿದ್ದದ್ದು ಹೀಗೆ ದೇಶದ್ದಾಗಿ ಬೆಳೆದ ಮೇಲೆ, ಊರಿಗೊಂದು ಬೇಕಲ್ಲ ಎಂದು ದೆಹಲಿಗೆ ಮತ್ತೆ ನೆನಪಾಗಲು ಎಂಬತ್ತರ ದಶಕ ಬರಬೇಕಾಯಿತು. 1984ರಲ್ಲಿ ತಮಿಳುನಾಡಿನ ನಾಗರಕೋಯಿಲ್‌ನಲ್ಲಿ ಮೊದಲ ಸ್ಥಳೀಯ ನಿಲಯ ಮಾಡಿ ನೋಡಿದರು. ಆ ಯೋಜನೆಯ ಬಾಲ ಹಿಡಿದು ನಮ್ಮಲ್ಲಿ ಹಾಸನ, ಹೊಸಪೇಟೆ, ಮಡಿಕೇರಿಯಂಥ ಊರುಗಳಿಗೆ ನಿಲಯ ಬಂದವು. ತೊಂಬತ್ತರ ದಶಕದ ಆರಂಭದಲ್ಲಿ ಚಿತ್ರದುರ್ಗಕ್ಕೂ ಬಂತು, ಎಫ್‌ಎಂ 102.6.

ಬಂದದ್ದೇನೋ ಬಂತು, ಹಿಡಿಯುವ ಸೆಟ್ಟು ಯಾರ ಹತ್ತಿರವೂ ಇರಲಿಲ್ಲ. ನನ್ನ ಕಸುಬಿನ ಚಿನ್ನದ ಕಾಲ ಶುರುವಾದದ್ದು ಆಗ. ಹಳೆಯ ಮರ್ಫಿ, ಫಿಲಿಪ್ಸ್ ಸೆಟ್ಟು ಹೊತ್ತುಕೊಂಡು ಬರುವರು, "ಇದಕ್ಕೆ ದುರ್ಗ ಕೂರ್ಸಿಕೊಡು" ಎನ್ನುವರು. ಚಿತ್ರದುರ್ಗ ಎಂಬ ಹೆಸರು ನಮ್ಮಲ್ಲಿ ಯಾರ ಬಾಯಲ್ಲೂ ಪೂರ್ತಿ ಬರುವುದಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಿಂದ ಎಫ್‌ಎಂ ಕಿಟ್ ತರುತ್ತಿದ್ದೆ, ಅಂಗೈಯಗಲದ ಬೋರ್ಡು, ನಡುವೆ ಸಿಎಕ್ಸ್‌ಎ 1191 ಐಸಿ. ಮರ್ಫಿಯ ಮರದ ಪೆಟ್ಟಿಗೆಯೊಳಗೆ ಅದನ್ನು ತೂರಿಸಿ, ಸ್ಪೀಕರ್ ಮಾತ್ರ ಹಳೆಯದೇ ಉಳಿಸಿ, ಹಿಂದೆ ಒಂದು ತೂತು ಕೊರೆದು ಏರಿಯಲ್ ಕಡ್ಡಿ ನಿಲ್ಲಿಸಿದರೆ ಮುಗಿಯಿತು. ಆ ಹಳೆಯ ಸ್ಪೀಕರಿನಲ್ಲಿ ಎಫ್‌ಎಂ ಕೇಳಿದವರಿಗೆ ಗೊತ್ತು, ತಂಬೂರಿಯ ತಂತಿ ಬೇರೆಬೇರೆಯಾಗಿ ಕೇಳುತ್ತಿತ್ತು.

ಆದರೆ ಬಾಗೂರು ಇರುವ ಜಾಗ ಕಷ್ಟದ್ದು. ಗಾಳಿಯ ದಾರಿಯಲ್ಲಿ ದುರ್ಗ ನಮಗೆ ಐವತ್ತು ಕಿಲೋಮೀಟರಿಗೂ ಆಚೆ, ನಡುವೆ ಜೋಗಿಮಟ್ಟಿಯ ಬೆಟ್ಟಸಾಲು. ಮೀಡಿಯಂ ವೇವ್ ಆದರೆ ನೆಲ ಹಿಡಿದು ದೂರ ಬರುತ್ತದೆ, ರಾತ್ರಿ ಆಕಾಶಕ್ಕೆ ಬಡಿದು ಇನ್ನೂ ದೂರಕ್ಕೆ ಇಳಿಯುತ್ತದೆ. ಎಫ್‌ಎಂ ಹಾಗಲ್ಲ, ಕಂಬದ ತುದಿಗೆ ಕಾಣುವಷ್ಟು ದೂರ ಹೋಗಿ ನಿಲ್ಲುವಂಥದ್ದು. ನಾವು ಆ ಅಂಚಿನಲ್ಲಿದ್ದೇವೆ. ಬೀದಿಯ ಈ ಮನೆಗೆ ಸಿಕ್ಕಿದ್ದು ಆಚೆ ಮನೆಗೆ ಸಿಗದು, ಹಜಾರದಲ್ಲಿ ಬಂದದ್ದು ಅಡುಗೆಮನೆಯಲ್ಲಿ ಬರದು. 102.6ಕ್ಕೆ ಏರಿಯಲ್ ಎಷ್ಟುದ್ದ ಬೇಕು ಎಂದು ಲೆಕ್ಕ ಹಾಕಿದರೆ 73 ಸೆಂಟಿಮೀಟರ್, ಅಂದರೆ ಎರಡೂವರೆ ಅಡಿಗೆ ಒಂದಂಗುಲ ಕಮ್ಮಿ. ಅಷ್ಟುದ್ದದ ತಾಮ್ರದ ತಂತಿ ಕತ್ತರಿಸಿ, ಬಿದಿರಿನ ಗಳುವಿಗೆ ಕಟ್ಟಿ ಮಾಳಿಗೆಯ ಮೇಲೆ ನಿಲ್ಲಿಸಿಕೊಟ್ಟ ಮನೆಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ತೆಂಗಿನಮರಕ್ಕೆ ಕಟ್ಟಿಸಿಕೊಂಡವರೂ ಇದ್ದರು. ಗಾಳಿ ಬೀಸಿದಾಗ ಸುದ್ದಿ ಓದುವವರ ಧ್ವನಿ ಮರದ ಜೊತೆ ತೂಗುತ್ತಿತ್ತು.

ಇಷ್ಟು ಕಷ್ಟಪಟ್ಟು ಯಾಕೆ? ಭದ್ರಾವತಿ ಸಲೀಸಾಗಿ ಬರುತ್ತಿತ್ತು, ಸಿನಿಮಾ ಹಾಡು ಅಲ್ಲೂ ಇತ್ತು. ದುರ್ಗವನ್ನೇ ಬೇಕೆಂದು ಕೇಳಿದವರಲ್ಲಿ ಒಬ್ಬ ಅಜ್ಜಿಯ ವಿಷಯ ಹೇಳಬೇಕು. ಅವರಿಗೆ ಅಂಕಿ ಓದಲು ಬರುತ್ತಿರಲಿಲ್ಲ. ಮೊಮ್ಮಕ್ಕಳು ತಿರುಗಿಸಿಟ್ಟು ಹೋದರೆ ಮತ್ತೆ ದುರ್ಗ ಹುಡುಕಲಾಗದೆ, ಸೆಟ್ಟನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನಲ್ಲಿಗೆ ಬರುವರು. "ಕೆಟ್ಟೈತೆ ನೋಡಪ್ಪ." ಕೆಟ್ಟಿರುತ್ತಿರಲಿಲ್ಲ. ಕೊನೆಗೆ ಒಂದು ದಿನ ಮಗಳ ಉಗುರುಬಣ್ಣ ತಂದು ಡಯಲ್ಲಿನ ಗಾಜಿನ ಮೇಲೆ ಸರಿಯಾದ ಜಾಗದಲ್ಲಿ ಒಂದು ಕೆಂಪು ಚುಕ್ಕೆ ಇಟ್ಟೆ. ಮುಳ್ಳು ಚುಕ್ಕೆಗೆ ಬರಬೇಕು ಅಜ್ಜಿ, ಅಷ್ಟೇ ಅಂದೆ. ಅಜ್ಜಿ ಗಾಜನ್ನು ಕಣ್ಣಿನ ಹತ್ತಿರ ಹಿಡಿದು, ಮುಳ್ಳನ್ನು ಆಚೆ ಓಡಿಸಿ, ಈಚೆ ತಂದು, ಚುಕ್ಕೆಗೆ ನಿಲ್ಲಿಸಿ, ಮತ್ತೆ ಆಚೆ ಓಡಿಸಿ ಪರೀಕ್ಷೆ ಮಾಡಿದರು. ಆಮೇಲೆ ನಾನು ಕೇಳಿದೆ, ದುರ್ಗದಲ್ಲಿ ಅಂಥದ್ದೇನು ಬರುತ್ತೆ ನಿಮಗೆ ಅಂತ. "ನಮ್ಮಂಗೆ ಮಾತಾಡ್ತಾರೆ" ಅಂದರು. ಅದು ಹರಡಿ, ಕೆಂಪು ಚುಕ್ಕೆ ಇಡಿಸಿಕೊಳ್ಳಲು ಬೇರೆ ಹೆಂಗಸರೂ ಬರತೊಡಗಿದರು. ಚುಕ್ಕೆಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಗೊಲ್ಲರಹಟ್ಟಿಯಿಂದ ಬರುವ ಕುರಿಗಾಹಿಗಳ ಸೆಟ್ಟು ನೋಡಿದ ಕೂಡಲೇ ಗುರುತು ಸಿಗುತ್ತಿತ್ತು. ಕೊರಳಿಗೆ ನೇತುಹಾಕಲು ದಾರ, ಕಂಬಳಿಯ ತುಂಡಿನ ಚೀಲ, ಒಳಗೆಲ್ಲ ಕೆಂಪು ಧೂಳು. ವಾಲ್ಯೂಮ್ ಕಂಟ್ರೋಲ್ ಕರಕರ ಅನ್ನುವುದು ಆ ಧೂಳಿಗೇ. ದಿನವಿಡೀ ಅಡವಿಯಲ್ಲಿ ಒಬ್ಬರೇ ಇರುವ ಜನ, ಸೆಲ್ಲಿಗೆ ದುಡ್ಡು ಸುರಿಯುತ್ತಿದ್ದರು. ಅವರಿಗೆ ಬೇಕಾದದ್ದು ತಮ್ಮ ವೀರದೈವ ಜುಂಜಪ್ಪನ ಪದ, ಕೋಲಾಟದ ಪದ, ಭಜನೆ. ಹಟ್ಟಿಗಳಲ್ಲಿ ಇದನ್ನೆಲ್ಲ ಹಾಡುವವರು ಎಂಥ ಭಂಡಾರ ಎನ್ನುವುದಕ್ಕೆ ಚಳ್ಳಕೆರೆ ಸೀಮೆಯ ಸಿರಿಯಜ್ಜಿಯೇ ಸಾಕ್ಷಿ. ಓದು ಬರೆಹ ಇಲ್ಲದ ಆ ತಾಯಿಗೆ ಸಾವಿರಾರು ಪದ ಬಾಯಿಗೆ ಬರುತ್ತಿದ್ದವು, ಕೃಷ್ಣಮೂರ್ತಿ ಹನೂರು ಅವರಂಥ ವಿದ್ವಾಂಸರು ಬಂದು ಕೂತು ಬರೆದುಕೊಂಡರು. ಸಿನಿಮಾ ಹಾಡು ಮುಂಬೈಯಿಂದಲೂ ಬರುತ್ತದೆ, ಮದರಾಸಿನಿಂದಲೂ ಬರುತ್ತದೆ. ಜುಂಜಪ್ಪನ ಪದ ಹಾಡಿಸಬೇಕಾದರೆ ದುರ್ಗದವರೇ ಮೈಕು ಹಿಡಿಯಬೇಕು.

ಈಗಲೂ ನಮ್ಮ ಕಡೆ ಜಾತ್ರೆಯ ಕರಪತ್ರ ನೋಡಿ. ಭಜನೆ ತಂಡದ ಮುಖ್ಯಸ್ಥರ ಹೆಸರಿನ ಕೆಳಗೆ ದಪ್ಪಕ್ಷರದಲ್ಲಿ 'ಆಕಾಶವಾಣಿ ಕಲಾವಿದರು' ಎಂದಿರುತ್ತದೆ. ಅದಕ್ಕೆ ಧ್ವನಿಪರೀಕ್ಷೆಯಲ್ಲಿ ಪಾಸಾಗಬೇಕು, ಬಿ ಗ್ರೇಡ್, ಬಿ ಹೈ, ಎ ಎಂದು ಹತ್ತಬೇಕು. ಸಂಭಾವನೆ ದೊಡ್ಡದೇನಲ್ಲ. ಆದರೆ ಹೊಲ ಉಳುವ ಮನುಷ್ಯ ಇಸ್ತ್ರಿ ಪಂಚೆ ಉಟ್ಟು ಬಸ್ಸಿನಲ್ಲಿ ದುರ್ಗಕ್ಕೆ ಹೋಗಿ, ಗಾಜಿನ ಕೋಣೆಯಲ್ಲಿ ಹಾಡಿ ಬಂದು, ಪ್ರಸಾರದ ದಿನ ಇಡೀ ಓಣಿಯನ್ನು ರೇಡಿಯೋ ಮುಂದೆ ಕೂರಿಸುವುದು ಇದೆಯಲ್ಲ, ಆ ಮರ್ಯಾದೆಯನ್ನು ಯೂಟ್ಯೂಬ್ ಕೊಟ್ಟಿಲ್ಲ. ಯೂಟ್ಯೂಬಿನಲ್ಲಿ ಯಾರು ಬೇಕಾದರೂ ಹಾಕಿಕೊಳ್ಳಬಹುದು ಎನ್ನುವುದು ಜನಕ್ಕೆ ಗೊತ್ತು.

ಕೃಷಿಯ ಮಾತೂ ಹಾಗೆಯೇ. ತೆಂಗಿಗೆ ನುಸಿ ಪೀಡೆ ಬಂದು ಕಾಯಿಗಳೆಲ್ಲ ಕಂದುಗಟ್ಟಿ ಸೊರಗಿದಾಗ, ದಾಳಿಂಬೆಗೆ ದುಂಡಾಣು ಅಂಗಮಾರಿ ಹತ್ತಿ ತೋಟ ತೋಟವೇ ಕಿತ್ತು ಹಾಕಿದಾಗ, ಜನ ಕಿವಿಗೊಟ್ಟದ್ದು ರೇಡಿಯೋಗೆ. ನಮಗೆ ಬೇಕಾದದ್ದು ಹಿರಿಯೂರಿನ ಕೃಷಿ ಸಂಶೋಧನಾ ಕೇಂದ್ರ ಬಬ್ಬೂರು ಫಾರಂನವರ ಮಾತು. ಬೆಂಗಳೂರಿನ ತಜ್ಞರು ಹೇಳುವ ಔಷಧಿ ನಮ್ಮ ಎರೆಗೂ ಕೆಂಪು ಮಸಾರಿಗೂ ಹೊಂದಬೇಕಲ್ಲ. ಶಾಲೆಗಳ ರೇಡಿಯೋವೂ ನನ್ನಲ್ಲಿಗೆ ಬರುತ್ತಿತ್ತು. ಚಿನ್ನರ ಚುಕ್ಕಿ, ಕೇಳಿ-ಕಲಿ ಎಂದು ಆಕಾಶವಾಣಿಯಲ್ಲಿ ಪಾಠ ಬರುತ್ತಿದ್ದವಲ್ಲ, ಮೇಷ್ಟ್ರು ಜೂನ್ ಬಂದ ಕೂಡಲೇ ಟೂ-ಇನ್-ಒನ್ ಹಿಡಿದು ಬರುವರು. ರಜೆಯಲ್ಲಿ ಬೀರುವಿನೊಳಗೆ ಜಿರಳೆ ಸ್ಪೀಕರಿನ ಕಾಗದ ತಿಂದಿರುತ್ತಿತ್ತು.

ಆಮೇಲೆ ಮೊಬೈಲು ಬಂತು. ಕೆಲವರು ತಿಳಿದಿರುವ ಹಾಗೆ ಮೊಬೈಲ್ ರೇಡಿಯೋವನ್ನು ಕೊಲ್ಲಲಿಲ್ಲ, ಮೊದಲು ಹರಡಿತು. ಕೀಪ್ಯಾಡ್ ಸೆಟ್ಟುಗಳಲ್ಲಿ ಎಫ್‌ಎಂ ಇತ್ತು, ಇಯರ್‌ಫೋನಿನ ವೈರೇ ಏರಿಯಲ್. ನೀರು ಕಟ್ಟಲು ಹೋದ ಹುಡುಗರು ಕತ್ತಲಲ್ಲಿ ಬದುವಿನ ಮೇಲೆ ಕೂತು ದುರ್ಗ ಕೇಳುತ್ತಿದ್ದರು. ಪೆಟ್ಟು ಬಿದ್ದದ್ದು ಸ್ಮಾರ್ಟ್‌ಫೋನಿನಿಂದ. ನಾನು ಬಿಚ್ಚಿ ನೋಡುವ ಎಷ್ಟೋ ಫೋನುಗಳ ಚಿಪ್ಪಿನೊಳಗೆ ಎಫ್‌ಎಂ ಇರುತ್ತದೆ, ಕಂಪನಿಯವರು ಅದನ್ನು ಬಂದ್ ಮಾಡಿ ಕೊಟ್ಟಿರುತ್ತಾರೆ. ಡೇಟಾ ಖರ್ಚಾಗದ ರೇಡಿಯೋ ಅವರಿಗೆ ಯಾಕೆ ಬೇಕು? ಎಫ್‌ಎಂ ಬಂದ್ ಮಾಡಬೇಡಿ, ವಿಪತ್ತಿನ ಕಾಲಕ್ಕೆ ಬೇಕಾಗುತ್ತದೆ ಎಂದು 2023ರಲ್ಲಿ ಕೇಂದ್ರದ ಐಟಿ ಸಚಿವಾಲಯ ಫೋನ್ ತಯಾರಕರಿಗೆ ಸೂಚನೆ ಕೊಟ್ಟಿತು. ಅದು ಸಲಹೆ ಅಷ್ಟೇ, ಕಡ್ಡಾಯವಲ್ಲ. ಕಡ್ಡಾಯವಾಗಬೇಕು.

ಆದರೆ ಫೋನಿನ ಮೇಲೆ ಎಲ್ಲ ಹಾಕಿ ಕೈತೊಳೆದುಕೊಳ್ಳಲಾರೆ. ಸ್ಥಳೀಯ ನಿಲಯದಲ್ಲಿ ಸ್ಥಳೀಯವಾದದ್ದು ಎಷ್ಟು ಹೊತ್ತು ಇರುತ್ತದೆ ಎನ್ನುವುದೇ ನನ್ನ ತಕರಾರು. ದಿನದ ಒಂದಷ್ಟು ಹೊತ್ತು ಬೆಂಗಳೂರಿನ ಸುದ್ದಿ, ದೆಹಲಿಯ ಸುದ್ದಿ, ವಿವಿಧ ಭಾರತಿಯ ರಿಲೇ ಇರಲೇಬೇಕು, ಒಪ್ಪಿದೆ. ರಿಲೇ ಹೆಚ್ಚಿದಷ್ಟೂ ಖರ್ಚು ಕಮ್ಮಿ ಎನ್ನುವ ಲೆಕ್ಕವೂ ಗೊತ್ತು. ಆದರೆ ಐವತ್ತು ಅರವತ್ತು ಕಿಲೋಮೀಟರಿಗೆ ನಿಂತುಹೋಗುವ ಎಫ್‌ಎಂ ಕಂಬ ನೆಟ್ಟದ್ದೇ ಅಷ್ಟು ಸೀಮೆಯ ಜನರ ಜೊತೆ ಮಾತಾಡಲಿಕ್ಕೆ. ಇಡೀ ರಾಜ್ಯಕ್ಕೆ ಒಂದೇ ಮಾತು ಹೇಳುವುದಿದ್ದರೆ ಮೀಡಿಯಂ ವೇವ್ ಸಾಕಿತ್ತು, ಅದನ್ನು ದೇಶದಲ್ಲಿ ಒಂದೊಂದಾಗಿ ಮುಚ್ಚುತ್ತ ಬಂದಿದ್ದಾರೆ. ದೂರ ಮುಟ್ಟುವುದನ್ನು ಮುಚ್ಚಿ, ಹತ್ತಿರ ಮುಟ್ಟುವುದರಲ್ಲಿ ದೂರದ ಮಾತು ಹಾಕುವುದು ಯಾವ ಜಾಣತನ? 2021ರ ಜನವರಿಯಲ್ಲಿ ಸ್ಥಳೀಯ ನಿಲಯಗಳು ಮುಚ್ಚುತ್ತವೆ ಎಂಬ ಗುಲ್ಲೆದ್ದಾಗ ಪ್ರಸಾರ ಭಾರತಿ, ಯಾವ ನಿಲಯವನ್ನೂ ಮುಚ್ಚುವುದಿಲ್ಲ ಎಂದು ಸ್ಪಷ್ಟನೆ ಕೊಟ್ಟಿತು. ಮಾತು ಉಳಿಸಿಕೊಂಡಿದ್ದಾರೆ, ಸರಿ. ಆದರೆ ನಿಲಯವೊಂದು ಬೀಗ ಬೀಳದೆಯೂ ಮುಚ್ಚಬಹುದು. ಊರಿನ ಧ್ವನಿ ದಿನಕ್ಕೆ ಹದಿನೈದು ನಿಮಿಷದಂತೆ ಕಮ್ಮಿಯಾಗುತ್ತ ಹೋದರೆ ಸಾಕು.

ಅಲ್ಲಿ ಮಾತಾಡುವವರ ಪಾಡೂ ಕೇಳಿ. ನಮಗೆ ಧ್ವನಿಯಿಂದಲೇ ಗುರುತಾದ ಉದ್ಘೋಷಕರಲ್ಲಿ ಬಹಳ ಮಂದಿ ಕ್ಯಾಶುವಲ್. ತಿಂಗಳಿಗೆ ಆರು ಡ್ಯೂಟಿ, ಅದಕ್ಕಿಂತ ಹೆಚ್ಚಿಲ್ಲ. ಆರು ದಿನದ ದುಡ್ಡಿನಲ್ಲಿ ಯಾರ ಸಂಸಾರ ನಡೆಯುತ್ತದೆ? ಮೇಷ್ಟ್ರ ಕೆಲಸವೋ, ಅಂಗಡಿಯೋ ನೋಡಿಕೊಂಡು, ಅಭಿಮಾನಕ್ಕೆ ಬಂದು ಮಾತಾಡಿ ಹೋಗುತ್ತಾರೆ. ಕಾಯಂ ಮಾಡಿ ಎಂದು ದೇಶದ ಉದ್ದಗಲಕ್ಕೂ ಕೇಳುತ್ತಲೇ ಇದ್ದಾರೆ. ಅಜ್ಜಿ ಹೇಳಿದ 'ನಮ್ಮಂಗೆ ಮಾತಾಡುವವರು' ಇವರೇ.

ಈಗ ಖಾಸಗಿಯವರ ವಿಷಯಕ್ಕೆ ಬರೋಣ. ಬರಲಿ, ಬೇಡ ಎನ್ನುವವನು ನಾನಲ್ಲ. ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ, 2001ರ ಜುಲೈನಲ್ಲಿ, ರೇಡಿಯೋ ಸಿಟಿ. ಆರಂಭದಲ್ಲಿ ಹಿಂದಿಯೇ ಹೆಚ್ಚು ಕೇಳುತ್ತಿತ್ತು. ಕನ್ನಡ ಹಾಕಿದರೆ ಕೇಳುಗರಿದ್ದಾರೆ ಎಂಬುದು ಈ ಕಂಪನಿಗಳಿಗೆ ಅರ್ಥವಾಗಲು ಕೆಲವು ವರ್ಷ ಹಿಡಿಯಿತು, ಆದಮೇಲೆ ಕನ್ನಡದಿಂದಲೇ ದುಡಿದರು. ದುರ್ಗಕ್ಕೆ ಬಂದರೆ ಅವರು ಏನು ಹೇಳಬಹುದು, ಏನು ಹೇಳಬಾರದು ಎನ್ನುವುದು ಮುಖ್ಯ. ಖಾಸಗಿ ಎಫ್‌ಎಂಗೆ ಸ್ವಂತ ಸುದ್ದಿ ಓದಲು ಅನುಮತಿ ಇಲ್ಲ. 2019ರಿಂದ ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೆ ಮರುಪ್ರಸಾರ ಮಾಡಬಹುದು, ಅಷ್ಟೇ. ಹವಾಮಾನ, ಟ್ರಾಫಿಕ್, ಪರೀಕ್ಷೆಯ ಫಲಿತಾಂಶ, ಕರೆಂಟು-ನೀರಿನ ಮಾಹಿತಿ ಹೇಳಬಹುದು. ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ 1933ರ ಮೇಲೆ 2022ರ ಸೆಪ್ಟೆಂಬರ್‌ನಲ್ಲಿ ಮೊದಲ ಸಲ ಕೋಡಿ ಬಿತ್ತಲ್ಲ, ಎಂಬತ್ತೊಂಬತ್ತು ವರ್ಷದ ಮೇಲೆ! ಅಂಥ ದಿನ ಖಾಸಗಿ ವಾಹಿನಿ ಮಳೆ ಎಷ್ಟು ಬಿತ್ತು ಎಂದು ಹೇಳೀತು. ವೇದಾವತಿಯ ನೀರು ಯಾರ ತೋಟಕ್ಕೆ ನುಗ್ಗಿತು, ಪರಿಹಾರ ಯಾರಿಗೆ ಬಂತು ಎಂದು ಕೇಳುವಂತಿಲ್ಲ. ಹುಡುಗರು ಅಂದುಕೊಂಡಿರುವ ಹಾಗೆ ಅದು ಹಾಡಿನ ಪೆಟ್ಟಿಗೆಯೇ ಆಗುತ್ತದೆ, ಕಾನೂನೇ ಅದನ್ನು ಹಾಗೆ ಮಾಡಿದೆ.

1995ರಲ್ಲಿ ಸುಪ್ರೀಂ ಕೋರ್ಟು ಗಾಳಿಯ ತರಂಗಗಳು ಸಾರ್ವಜನಿಕರ ಸೊತ್ತು ಎಂದು ಹೇಳಿತು. ಸೊತ್ತನ್ನು ಹರಾಜು ಹಾಕುವಾಗ ಸೊತ್ತಿನ ಒಡೆಯರನ್ನು ಒಂದು ಮಾತು ಕೇಳಬೇಡವೇ? 730 ವಾಹಿನಿಗಳಿಗೆ ಮೂಲ ಬೆಲೆ ಒಟ್ಟು 784.87 ಕೋಟಿ ಎಂದು ಗೊತ್ತುಮಾಡಿದರು, ವರ್ಷಕ್ಕೆ ಆದಾಯದ ಶೇ 4ರಷ್ಟು ಶುಲ್ಕ ಎಂದು ಗೊತ್ತುಮಾಡಿದರು. ಹೊಸದುರ್ಗದವರೋ ಮೊಳಕಾಲ್ಮೂರಿನವರೋ ಅದರಲ್ಲಿ ಎಷ್ಟು ಹೊತ್ತು ಮಾತಾಡಬೇಕು ಎಂಬ ಲೆಕ್ಕ ಮಾತ್ರ ನಾನು ಓದಿದ ಸುದ್ದಿಯಲ್ಲೆಲ್ಲೂ ಕಾಣಲಿಲ್ಲ.

ಇನ್ನೊಂದು ದಾರಿ ಇದೆ, ಅದನ್ನು ನಮ್ಮ ತಾಲ್ಲೂಕಿನವರು ಯಾಕೋ ಹಿಡಿದಿಲ್ಲ. 2006ರಿಂದ ಸಮುದಾಯ ಬಾನುಲಿಗೆ ಸಂಘಸಂಸ್ಥೆಗಳೂ ಅರ್ಜಿ ಹಾಕಬಹುದು. 100 ವ್ಯಾಟ್, 30 ಮೀಟರ್ ಕಂಬ, ಸುತ್ತಮುತ್ತ ಹತ್ತು ಹದಿನೈದು ಕಿಲೋಮೀಟರ್. ಗೋಪಾಲಸ್ವಾಮಿಯವರ ಮೊದಲ ಟ್ರಾನ್ಸ್‌ಮಿಟರಿನ ಮೂರು ಪಟ್ಟಿಗಿಂತ ಹೆಚ್ಚೇ ಆಯಿತಲ್ಲ! ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಲೈಸೆನ್ಸ್ ಸಿಗದ ಕಾಲದಲ್ಲೇ ಹಳ್ಳಿಯ ಹೆಂಗಸರು 'ನಮ್ಮ ಧ್ವನಿ' ಎಂದು ಮಾಡಿ ಕೇಬಲ್ಲಿನ ಮೂಲಕ ಮನೆಮನೆಗೆ ಕಾರ್ಯಕ್ರಮ ಕಳಿಸಿದರು. ಶ್ರೀರಾಂಪುರದ ಸ್ತ್ರೀಶಕ್ತಿ ಸಂಘವೋ, ಮತ್ತೋಡಿನ ಸಹಕಾರ ಸಂಘವೋ ಮನಸ್ಸು ಮಾಡಿದರೆ ಸೋಲ್ಡರ್ ಹಿಡಿಯಲು ನಾನು ತಯಾರು. ಹೆಂಡತಿ ಇದನ್ನು ಕೇಳಿ, "ಮೊದ್ಲು ಮನೆ ಮಿಕ್ಸಿ ಮಾಡ್ರಿ" ಅನ್ನುತ್ತಾಳೆ. ಅದೂ ಸರಿಯೇ.

ಆದರೆ ಸಮುದಾಯ ಬಾನುಲಿ ಬರುವ ತನಕ, ಬಂದ ಮೇಲೂ, ಜಿಲ್ಲೆಗೆ ಒಂದು ದೊಡ್ಡ ಧ್ವನಿ ಬೇಕು. ಅದು ಈಗಾಗಲೇ ಇದೆ. ಕಂಬ ನಿಂತಿದೆ, ಸ್ಟುಡಿಯೋ ಇದೆ, ಧ್ವನಿಪರೀಕ್ಷೆ ಪಾಸಾದ ಕಲಾವಿದರಿದ್ದಾರೆ, ಮೂವತ್ತು ವರ್ಷಕ್ಕೂ ಮೀರಿದ ರೆಕಾರ್ಡಿಂಗುಗಳಲ್ಲಿ ಟೇಪಿನ ಕೊರತೆಗೆ ಅಳಿಸದೆ ಉಳಿದಷ್ಟಾದರೂ ಇರಬೇಕು. ಅದನ್ನು ಜಿಲ್ಲೆಯ ಗ್ರಂಥಾಲಯದಲ್ಲಿ ಕೂತು ಕೇಳುವ ಹಾಗೆ ಮಾಡಿದರೆ ಸಂಶೋಧನೆಯ ಹುಡುಗರು ಹಟ್ಟಿ ಹಟ್ಟಿ ಅಲೆಯುವುದು ಎಷ್ಟೋ ತಪ್ಪುತ್ತದೆ. ಜಿಲ್ಲಾ ಪಂಚಾಯಿತಿ, ತೆಂಗು ಬೆಳೆಗಾರರ ಸಂಘಗಳು, ಎಪಿಎಂಸಿ ವರ್ತಕರು ಪ್ರಾಯೋಜಿತ ಕಾರ್ಯಕ್ರಮಕ್ಕೆ ದುಡ್ಡು ಕಟ್ಟಲು ದಾರಿ ಇದೆ. ತಿಪಟೂರಿನ ಕೊಬ್ಬರಿ ಹರಾಜಿನ ದರ ಅದೇ ದಿನ ಸಂಜೆ ದುರ್ಗದಿಂದ ಬಂದರೆ ನಮ್ಮೂರಿನ ಅರ್ಧ ತೋಟಗಳಲ್ಲಿ ರೇಡಿಯೋ ಹಚ್ಚುತ್ತಾರೆ, ಬರೆದು ಕೊಡುತ್ತೇನೆ.

ಹರಾಜಿನಲ್ಲಿ ದುರ್ಗದ ವಾಹಿನಿ ಹಿಡಿಯುವವರು ಯಾರೇ ಇರಲಿ, ನಮ್ಮ ಸಂಸದರೂ ಶಾಸಕರೂ ಅವರಿಗೆ ಕೇಳಬೇಕಾದ ಪ್ರಶ್ನೆ ಒಂದೇ: ದಿನಕ್ಕೆ ಎಷ್ಟು ಗಂಟೆ ಚಿತ್ರದುರ್ಗ ಜಿಲ್ಲೆಯಲ್ಲೇ ಕೂತು, ಇಲ್ಲಿಯವರ ಬಾಯಲ್ಲಿ ಮಾತಾಡಿಸುತ್ತೀರಿ? ಉತ್ತರವನ್ನು ಲೈಸೆನ್ಸಿನ ಕಾಗದದಲ್ಲೇ ಬರೆಸಿಕೊಳ್ಳಬೇಕು. ಅದೇ ಪ್ರಶ್ನೆಯನ್ನು 102.6ಕ್ಕೂ ಕೇಳಿ, ಬಂದ ಉತ್ತರವನ್ನು ಪೇಪರಿನಲ್ಲಿ ಹಾಕಿ.